ಗಾಜು ಹೊದ್ದ ಕಬ್ಬಿಣ

ಕಬ್ಬಿಣದ ಕಡಾಯಿಯಲ್ಲಿ ಹುಣಿಸೆಯ ಸಾರು ಕುದಿಸಬಾರದೆಂಬುದು ಕಮರಿಪೇಟೆಯ ಯಾವ ಗೃಹಿಣಿಗೂ ಹೊಸತಲ್ಲ. ಹುಳಿಯ ಆಮ್ಲವು ಕಬ್ಬಿಣವನ್ನು ಕರಗಿಸಿ ಸಾರನ್ನು ಕಪ್ಪಾಗಿಸುತ್ತದೆ. ಎನಾಮೆಲ್ ಹೊದಿಸಿದ ಎರಕದ ಪಾತ್ರೆಗೆ ಈ ಭಯವಿಲ್ಲ. ಎನಾಮೆಲ್ ಬಣ್ಣವಲ್ಲ, ಗಾಜು! ಗಾಜಿನ ಪುಡಿಯನ್ನು ಲೇಪಿಸಿ, ಸುಮಾರು 800 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕರಗಿಸಿ ಕಬ್ಬಿಣಕ್ಕೆ ಬೆಸೆದಿರುತ್ತಾರೆ.

ಕಾದ ಪಾತ್ರೆಗೆ ತಣ್ಣೀರು ಸುರಿದರೇನಾದೀತು? ಮೇಲಣ ಗಾಜು ಥಟ್ಟನೆ ಕುಗ್ಗುತ್ತದೆ. ಕೆಳಗಣ ಕಬ್ಬಿಣವಿನ್ನೂ ಹಿಗ್ಗಿಯೇ ಇರುತ್ತದೆ. ಆ ಸೆಳೆತಕ್ಕೆ ಗಾಜು ಬಿರಿಯುತ್ತದೆ. ಆದುದರಿಂದ ಪಾತ್ರೆಯು ತಾನಾಗಿ ಆರಲಿ.

ತಳ ಹತ್ತಿದ್ದರೆ ಮರಳಿನಿಂದ ಉಜ್ಜುವುದು ಸಲ್ಲದು; ಮರಳು ಗಾಜಿಗಿಂತ ಗಟ್ಟಿ, ಗೀರುತ್ತದೆ. ನೀರಿಗೆ ಒಂದು ಚಮಚ ಅಡಿಗೆ ಸೋಡಾ ಬೆರೆಸಿ ಕೆಲ ನಿಮಿಷ ಕುದಿಸಿರಿ; ಆರಿದ ಮೇಲೆ ಮರದ ಸಟ್ಟುಗದಿಂದ ಮೆಲ್ಲನೆ ಎಬ್ಬಿಸಿರಿ. ಒಳಮೈಯಲ್ಲಿ ಚಕ್ಕೆ ಎದ್ದ ಪಾತ್ರೆಯಲ್ಲಿ ಮಾತ್ರ ಅಡಿಗೆ ಬೇಡ: ಗಾಜಿನ ಚೂರು ಅನ್ನದೊಡನೆ ಹೊಟ್ಟೆ ಸೇರೀತು.