ಐದು ದಿನದ ದಾಸ್ತಾನು

ಲೇಖನಿ ಹಿಡಿಯುವ ಮುನ್ನ ನಾವು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಅಕ್ಕಿಯನ್ನು ತಿಂಗಳಿಗಾಗುವಷ್ಟು ತಂದಿರಿಸಬಹುದು, ಹಾಲನ್ನು ಮಾತ್ರ ಅಂದಂದೇ ತರಿಸಬೇಕು ಎಂಬುದು ಆ ಉದ್ಯೋಗವು ನಮಗೆ ಕಲಿಸಿದ ಮೊದಲ ಪಾಠ. ಅದೇ ಪಾಠವನ್ನು ಮುಂಬಯಿಯ ಆಸ್ಪತ್ರೆಯೊಂದರ ರಕ್ತನಿಧಿಯ ಮುಂದೆ ನಿಂತು ನಾವು ಮತ್ತೊಮ್ಮೆ ಕಲಿಯಬೇಕಾಯಿತು.

ನಮ್ಮಲ್ಲಿ ಅಡಿಗೆಗಿದ್ದ ಭಟ್ಟರ ಮಗನಿಗೆ ರಕ್ತದ ಅರ್ಬುದರೋಗ. “ಧಣಿಗಳೇ, ಹೋದ ವಾರ ಎಂಟು ಮಂದಿ ರಕ್ತ ಕೊಟ್ಟೆವು. ಇಂದು ಮತ್ತೆ ಕೇಳುತ್ತಿದ್ದಾರೆ. ಕೊಟ್ಟುದೆಲ್ಲ ಎಲ್ಲಿ ಹೋಯಿತು?” ಎಂದು ಅವರು ಕಣ್ಣೀರಿಟ್ಟರು. ವೈದ್ಯರು ಸಾವಧಾನದಿಂದ ತಿಳಿಹೇಳಿದ ಉತ್ತರವನ್ನು ವಾಚಕರ ಮುಂದಿಡುತ್ತೇವೆ.

ಕೆಂಪು ರಕ್ತಕಣಗಳ ಜನ್ಮಸ್ಥಾನ ಎಲುಬಿನೊಳಗಿನ ಮಜ್ಜೆ. ಅಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕಣಗಳು ಸಿದ್ಧವಾಗುತ್ತವೆ. ಸಂಚಾರಕ್ಕೆ ಹೊರಡುವ ಮುನ್ನ ಕಣವು ತನ್ನ ಕೇಂದ್ರಬೀಜವನ್ನೇ ಹೊರದೂಡಿ, ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಸ್ಥಳ ಮಾಡಿಕೊಡುತ್ತದೆ. ಬೀಜವಿಲ್ಲದ ಕಣವು ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲಾರದು. ಸುಮಾರು 120 ದಿನಗಳ ದುಡಿಮೆಯಿಂದ ಮೈ ಗಡುಸಾಗಿ, ಗುಲ್ಮದ ಇಕ್ಕಟ್ಟಾದ ಸಂದುಗಳಲ್ಲಿ ನುಸುಳಲಾರದೆ ಸಿಕ್ಕಿಬೀಳುತ್ತದೆ. ಅಲ್ಲಿನ ಭಕ್ಷಕ ಕಣಗಳು ಅದನ್ನು ನುಂಗುತ್ತವೆ. ಆದರೂ ಅದರ ಕಬ್ಬಿಣದ ಅಂಶ ವ್ಯರ್ಥವಾಗದೆ ಹೊಸ ಕಣಗಳಿಗಾಗಿ ಮಜ್ಜೆಗೆ ಮರಳುತ್ತದೆ; ಉಳಿದ ಬಣ್ಣ ಪಿತ್ತರಸದೊಡನೆ ಹೊರಹೋಗುತ್ತದೆ.

ಪ್ಲೇಟ್‌ಲೆಟ್‌ಗಳ ಕಥೆ ಬೇರೆ. ಮಜ್ಜೆಯಲ್ಲಿರುವ ದೈತ್ಯಕಣಗಳಿಂದ ಸಾವಿರಾರು ಸಂಖ್ಯೆಯಲ್ಲಿ ಉದುರುವ ತುಣುಕುಗಳಿವು. ಗಾಯವಾದೆಡೆಗೆ ಧಾವಿಸಿ, ಒಂದಕ್ಕೊಂದು ಅಂಟಿಕೊಂಡು, ರಕ್ತ ಸೋರದಂತೆ ಬೆಣೆಯಾಗಿ ನಿಲ್ಲುವುದು ಅವುಗಳ ಧರ್ಮ. ಆಯುಷ್ಯವೋ 8ರಿಂದ 10 ದಿನ ಮಾತ್ರ. ಅರ್ಬುದದ ಔಷಧಿಯು ಮಜ್ಜೆಯ ಕೆಲಸವನ್ನೂ ತಡೆಯುತ್ತದೆ. ಆಗ ನಾಲ್ಕು ತಿಂಗಳ ಆಯುಷ್ಯವುಳ್ಳ ಕೆಂಪು ಕಣಗಳು ಕೆಲಕಾಲ ತಾಳಿಕೊಂಡರೂ ಪ್ಲೇಟ್‌ಲೆಟ್‌ಗಳು ಬೇಗನೆ ಬರಿದಾಗಿ, ಒಳಗೊಳಗೇ ರಕ್ತ ಒಸರುವ ಭಯ ಒದಗುತ್ತದೆ.

ರಕ್ತನಿಧಿಯಲ್ಲಿಯೂ ಇದೇ ಭೇದ. ಬೇರ್ಪಡಿಸಿದ ಕೆಂಪು ಕಣಗಳನ್ನು ಸೂಕ್ತ ದ್ರಾವಣದಲ್ಲಿ, ಶೀತಪೆಟ್ಟಿಗೆಯಲ್ಲಿ, 42 ದಿನ ಇಡಬಹುದು. ಪ್ಲೇಟ್‌ಲೆಟ್‌ಗಳನ್ನಾದರೋ 20ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಎಡೆಬಿಡದೆ ಅಲುಗಾಡಿಸುತ್ತ ಇರಿಸಿದರೂ ಸಾಮಾನ್ಯವಾಗಿ 5 ದಿನವಷ್ಟೇ ಅವು ಬಳಕೆಗೆ ಯೋಗ್ಯ. ಅದು ಅಕ್ಕಿ, ಇದು ಹಾಲು!

ಭಟ್ಟರ ಪ್ರಶ್ನೆಗೆ ಉತ್ತರ ದೊರೆಯಿತು. ಎಂಟು ಮಂದಿ ಒಂದೇ ದಿನ ಕೊಟ್ಟುದೇ ನಮ್ಮ ತಪ್ಪು. ಅಂದೇ ಹೋಟೆಲಿನ ಗೋಡೆಗೆ ಪಟ್ಟಿಯೊಂದನ್ನು ಅಂಟಿಸಿದೆವು: ಯಾವ ವಾರ ಯಾರ ಸರದಿ ಎಂದು. ಮಾಣಿಗಳು, ಗಿರಾಕಿಗಳು, ನೆರೆಯ ಅಂಗಡಿಯವರು ತಾವಾಗಿ ಹೆಸರು ಬರೆಸಿದರು. ಪಟ್ಟಿ ಮುಗಿಯುವ ಮುನ್ನವೇ ಹುಡುಗನು ಮನೆಗೆ ಮರಳಿದನು.

ನಮ್ಮ ಕನ್ನಡ ಸಂಘಗಳು ಉತ್ಸವದ ದಿನ ರಕ್ತದಾನ ಶಿಬಿರ ನಡೆಸುವುದು ಶ್ಲಾಘ್ಯವೇ ಸರಿ. ಆದರೆ ಒಂದು ದಿನದ ನೂರು ಮಂದಿಗಿಂತ ವಾರಕ್ಕಿಬ್ಬರಂತೆ ವರ್ಷವಿಡೀ ಬರುವ ನೂರು ಮಂದಿ ಇಂಥ ರೋಗಿಗಳಿಗೆ ಹೆಚ್ಚಿನ ಆಸರೆ. 18ರಿಂದ 65 ವಯಸ್ಸಿನೊಳಗಿನ, 45 ಕಿಲೋ ತೂಕಕ್ಕೆ ಕಡಿಮೆಯಿಲ್ಲದ ಆರೋಗ್ಯವಂತರು ವೈದ್ಯರು ಪರೀಕ್ಷಿಸಿ ಒಪ್ಪಿದರೆ ರಕ್ತ ಕೊಡಬಹುದು. ಪುರುಷರು ಮೂರು ತಿಂಗಳಿಗೊಮ್ಮೆ, ಸ್ತ್ರೀಯರು ನಾಲ್ಕು ತಿಂಗಳಿಗೊಮ್ಮೆ. ಕೊಟ್ಟುದನ್ನು ಮಜ್ಜೆಯು ತುಂಬಿಕೊಡುತ್ತದೆ. ಸರದಿಯ ಪಟ್ಟಿಯನ್ನು ಬರೆಯುವುದಷ್ಟೇ ನಮ್ಮ ಪಾಲಿನ ಕೆಲಸ.