ಕಲಬುರಗಿಯಿಂದ ಕಮಲಾಪುರದ ಪಂಪ್‌ಸೆಟ್ ನಿಯಂತ್ರಣ: ಇಂಟರ್ನೆಟ್ ಬೋರ್ಡ್ ಅಳವಡಿಸುವ ಮುನ್ನ ತಿಳಿಯಬೇಕಾದುದು

ಭೌಗೋಳಿಕ ಸೂಚನೆಯ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯು ಸುಮಾರು ಒಂದೂವರೆ ವರ್ಷ ಭೂಮಿಯಲ್ಲಿರುವ ದೀರ್ಘಾವಧಿ ಬೆಳೆ. ಬೇಸಿಗೆಯಲ್ಲಿ ಕೆಲವೇ ದಿನ ನೀರು ತಪ್ಪಿದರೂ ಗೊನೆಯ ತೂಕದಲ್ಲಿ ಅದರ ಪರಿಣಾಮ ಕಾಣುತ್ತದೆ. ಕಲಬುರಗಿ ನಗರದಲ್ಲಿ ವಾಸವಿದ್ದು ಕಮಲಾಪುರದಲ್ಲಿ ತೋಟ ಹೊಂದಿರುವ ರೈತರಿಗೆ, ರಾತ್ರಿ ತ್ರೀ-ಫೇಸ್ ವಿದ್ಯುತ್ ಬಂದಾಗ ಹೋಗಿ ಸ್ಟಾರ್ಟರ್ ಒತ್ತುವುದು ಸುಲಭವಲ್ಲ. ಆದ್ದರಿಂದಲೇ ಮನೆಯ ಯುವಕರು ಕೆಲವು ನೂರು ರೂಪಾಯಿಗಳ ನೋಡ್‌ಎಂಸಿಯು, ಆರ್ಡುಯಿನೋ ಮುಂತಾದ ಬೋರ್ಡ್‌ಗಳಿಂದ ಪಂಪ್‌ಸೆಟ್ಟನ್ನು ಮೊಬೈಲ್ ಮೂಲಕ ನಡೆಸಲು ಮುಂದಾಗುತ್ತಿದ್ದಾರೆ. ಪ್ರಯತ್ನ ಸ್ವಾಗತಾರ್ಹ. ಆದರೆ ಆರ್ಡುಯಿನೋ 2005ರಲ್ಲಿ ಇಟಲಿಯಲ್ಲಿ ರೂಪುಗೊಂಡದ್ದು ವಿನ್ಯಾಸ ವಿದ್ಯಾರ್ಥಿಗಳ ಕಲಿಕೆಗಾಗಿ, ಕೊಳವೆ ಬಾವಿಗಾಗಿ ಅಲ್ಲ ಎಂಬುದನ್ನು ನೆನಪಿಡಬೇಕು.

ಮೊದಲು ವಿದ್ಯುತ್ತಿನ ವಿಷಯ. 5 ಅಶ್ವಶಕ್ತಿಯ ತ್ರೀ-ಫೇಸ್ ಮೋಟಾರು ಚಾಲನೆಯಲ್ಲಿ ಸುಮಾರು 7ರಿಂದ 8 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಆರಂಭದ ಕ್ಷಣದಲ್ಲಿ ಇದು ಐದಾರು ಪಟ್ಟು ಏರುತ್ತದೆ. ಬೋರ್ಡಿನೊಂದಿಗೆ ದೊರೆಯುವ ಸಣ್ಣ ನೀಲಿ ರಿಲೇಯ ಮೇಲೆ 10 ಆಂಪಿಯರ್, 250 ವೋಲ್ಟ್ ಎಂದು ಮುದ್ರಿತವಾಗಿರುತ್ತದೆ. ಅದನ್ನು ನಂಬಿ ಮೋಟಾರನ್ನು ನೇರವಾಗಿ ಜೋಡಿಸಲೇಬಾರದು. ರಿಲೇ ಮಾಡಬೇಕಾದುದು ಸ್ಟಾರ್ಟರಿನ ಹಸಿರು ಮತ್ತು ಕೆಂಪು ಗುಂಡಿಗಳ ಕೆಲಸವನ್ನು ಮಾತ್ರ. ಇಲ್ಲಿಯೂ ಒಂದು ತೊಡಕಿದೆ: ಅನೇಕ ಸ್ಟಾರ್ಟರುಗಳ ಕಾಯಿಲ್ 415 ವೋಲ್ಟಿನದು, 250 ವೋಲ್ಟಿನ ರಿಲೇ ಅದಕ್ಕೆ ತಕ್ಕುದಲ್ಲ. ಕಾಯಿಲಿನ ಮೇಲಿನ ಅಂಕಿಯನ್ನು ಓದಿ, ಅಗತ್ಯವಿದ್ದರೆ ಅನುಭವಿ ಎಲೆಕ್ಟ್ರಿಷಿಯನ್‌ರಿಂದ ನಡುವೆ ಸೂಕ್ತ ಸಾಮರ್ಥ್ಯದ ಮತ್ತೊಂದು ರಿಲೇ ಹಾಕಿಸಿರಿ. ಪ್ರೋಗ್ರಾಮ್ ಬರೆಯಬಲ್ಲವರೆಲ್ಲ ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕಬೇಕಾಗಿಲ್ಲ.

ಇನ್ನು ಸಂದೇಶ ತೋಟ ತಲುಪುವ ಬಗೆ. ಮೊಬೈಲ್ ಸಿಮ್ಮಿನ ಮೂಲಕ ಅಂತರ್ಜಾಲ ಪಡೆಯುವ ಬೋರ್ಡನ್ನು ಹೊರಗಿನಿಂದ ನೇರವಾಗಿ ಸಂಪರ್ಕಿಸುವುದು ಸಾಮಾನ್ಯವಾಗಿ ಸಾಧ್ಯವಾಗದು. ಆದ್ದರಿಂದ ಬೋರ್ಡೇ ಒಂದು ಸರ್ವರಿನೊಂದಿಗೆ ಸಂಪರ್ಕ ಇಟ್ಟುಕೊಂಡಿರುತ್ತದೆ. ನಿಮ್ಮ ಮೊಬೈಲ್ ಕೂಡ ಅದೇ ಸರ್ವರಿಗೆ ಆದೇಶ ಕಳುಹಿಸುತ್ತದೆ. ಇದಕ್ಕೆ ಹೆಚ್ಚಾಗಿ ಬಳಸುವ ಎಂಕ್ಯೂಟಿಟಿ ಎಂಬ ಸಂವಹನ ಪದ್ಧತಿಯನ್ನು 1999ರಲ್ಲಿ ದೂರದ ತೈಲ ಕೊಳವೆಮಾರ್ಗಗಳ ನಿಗಾಕ್ಕಾಗಿ ರೂಪಿಸಲಾಯಿತು. ಸಿಗ್ನಲ್ ದುರ್ಬಲವಿರುವ ತೋಟಗಳಿಗೂ ಅದು ಹೊಂದುತ್ತದೆ. ಗುಪ್ತಪದವಿಲ್ಲದೆ, ಎಲ್ಲರಿಗೂ ತೆರೆದಿರುವ ಉಚಿತ ಸರ್ವರನ್ನು ಬಳಸಿದರೆ ನಿಮ್ಮ ಪಂಪನ್ನು ಯಾರು ಬೇಕಾದರೂ ಚಾಲೂ ಮಾಡಬಹುದು.

ಹೆಚ್ಚಿನ ಹಾನಿ ಸಂಭವಿಸುವುದು ಸಂಪರ್ಕ ಕಡಿದಾಗ. ನೀವು ಕಲಬುರಗಿಯಿಂದ ಪಂಪ್ ಚಾಲೂ ಮಾಡಿದ್ದೀರಿ. ಬಳಿಕ ಸಿಗ್ನಲ್ ಹೋಯಿತು, ಅಥವಾ ಸಿಮ್ಮಿನ ರೀಚಾರ್ಜ್ ಮುಗಿಯಿತು. ಇತ್ತ ಬಾವಿಯ ನೀರು ತಳ ಕಂಡಿದೆ. ನಿಲ್ಲಿಸುವ ಆದೇಶ ತಲುಪುವುದಿಲ್ಲ, ನೀರಿಲ್ಲದೆ ತಿರುಗುವ ಮೋಟಾರು ಸುಡುತ್ತದೆ. ಆದ್ದರಿಂದ ಚಾಲೂ ಮಾಡುವ ಅಧಿಕಾರ ಮೊಬೈಲಿಗಿರಲಿ, ನಿಲ್ಲಿಸುವ ನಿರ್ಧಾರ ತೋಟದ ಬೋರ್ಡಿನಲ್ಲಿಯೇ ಇರಲಿ. ಪ್ರತಿ ಆದೇಶದೊಂದಿಗೆ ಎಷ್ಟು ನಿಮಿಷ ಎಂಬುದನ್ನೂ ಕಳುಹಿಸಬೇಕು. ಅವಧಿ ಮುಗಿದೊಡನೆ, ಅಂತರ್ಜಾಲ ಇರಲಿ ಬಿಡಲಿ, ಬೋರ್ಡ್ ತಾನೇ ನಿಲ್ಲಿಸಬೇಕು. ಕೊಳವೆಗೆ ನೀರಿನ ಹರಿವನ್ನು ಗುರುತಿಸುವ ಸಂವೇದಕ ಅಳವಡಿಸಿ, ಚಾಲೂ ಆದ ಒಂದೆರಡು ನಿಮಿಷಗಳಲ್ಲಿ ಹರಿವು ಕಾಣದಿದ್ದರೆ ನಿಲ್ಲುವಂತೆ ಮಾಡಿರಿ. ಮೊಬೈಲಿನಲ್ಲಿ ‘ಚಾಲೂ’ ಎಂದು ತೋರಿದರೆ ಆದೇಶ ಹೋಗಿದೆ ಎಂದಷ್ಟೇ ಅರ್ಥ. ನೀರು ಬಂದಿದೆ ಎಂದು ಹೇಳಬಲ್ಲುದು ಆ ಸಂವೇದಕವೇ.

ಬೋರ್ಡಿನ ಪ್ರೋಗ್ರಾಮ್ ಸ್ಥಗಿತಗೊಂಡರೆ? ಬೋರ್ಡ್ ಜೀವಂತವಾಗಿರುವವರೆಗೆ ಮಾತ್ರ ಸ್ಟಾರ್ಟರಿನ ಕಾಯಿಲಿಗೆ ವಿದ್ಯುತ್ ಹರಿಯುವಂತೆ ರಿಲೇ ಜೋಡಿಸಬೇಕು. ಸ್ಥಗಿತಗೊಂಡ ಪ್ರೋಗ್ರಾಮನ್ನು ಮರಳಿ ಆರಂಭಿಸುವ ವಾಚ್‌ಡಾಗ್ ಟೈಮರನ್ನೂ ಬಳಸಬೇಕು. ನೋಡ್‌ಎಂಸಿಯು ಬೋರ್ಡಿನ ಕೆಲವು ಪಿನ್‌ಗಳು ಪುನರಾರಂಭದ ಕ್ಷಣದಲ್ಲಿ ತಾವಾಗಿಯೇ ರಿಲೇಯನ್ನು ಎಳೆಯಬಲ್ಲವು. ಡಿ1 ಮತ್ತು ಡಿ2 ಪಿನ್‌ಗಳು ಈ ಕೆಲಸಕ್ಕೆ ಸುರಕ್ಷಿತ. ಚಾಲೂ ಆದೇಶವನ್ನು ಸರ್ವರಿನಲ್ಲಿ ಉಳಿಸಿಡುವ ಆಯ್ಕೆಯನ್ನು ಬಳಸಬಾರದು. ಬಳಸಿದರೆ ಪ್ರತಿ ಸಲ ವಿದ್ಯುತ್ ಮರಳಿದಾಗಲೂ ಹಳೆಯ ಆದೇಶದಂತೆ ಪಂಪ್ ಹೊರಡುತ್ತದೆ. ಅಲ್ಲದೆ ಊರಿನ ಪಂಪುಗಳೆಲ್ಲ ಏಕಕಾಲಕ್ಕೆ ಹೊರಟರೆ ಪರಿವರ್ತಕದ ಮೇಲೆ ವಿಪರೀತ ಹೊರೆ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಜೀವದ ಸುರಕ್ಷತೆ. ತೋಟದ ಆಳು ಕೇಬಲ್ ಜೋಡಿಸುತ್ತಿರುವಾಗ ನಗರದಲ್ಲಿರುವವರು ಪಂಪ್ ಚಾಲೂ ಮಾಡಿದರೆ ಅನಾಹುತ ನಿಶ್ಚಿತ. ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ‘ಕೈಯಿಂದ–ಬಂದ್–ಮೊಬೈಲ್’ ಎಂಬ ಮೂರು ಸ್ಥಾನಗಳ ತಿರುಗು ಸ್ವಿಚ್ಚನ್ನು ಕಡ್ಡಾಯವಾಗಿ ಹಾಕಿಸಿರಿ. ‘ಬಂದ್’ ಸ್ಥಾನದಲ್ಲಿ ಯಾವ ಆದೇಶವೂ ಕಾಯಿಲನ್ನು ತಲುಪಬಾರದು. ದುರಸ್ತಿಗೆ ಮುನ್ನ ಮುಖ್ಯ ಸ್ವಿಚ್ಚನ್ನೂ ತೆಗೆದು, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವರೇ ಇಟ್ಟುಕೊಳ್ಳಲಿ.

ಮೊದಲ ಹದಿನೈದು ದಿನ ಮೋಟಾರಿನ ಬದಲು ಒಂದು ಬಲ್ಬನ್ನು ಜೋಡಿಸಿ ಪರೀಕ್ಷಿಸುವುದು ಸೂಕ್ತ. ರೂಟರನ್ನು ಬೇಕೆಂದೇ ಆರಿಸಿ, ವಿದ್ಯುತ್ ತೆಗೆದು ಹಾಕಿ, ಪ್ರತಿ ಸಲವೂ ಬಲ್ಬ್ ಆರಿರುವುದೇ ಎಂದು ನೋಡಿರಿ. ಒಮ್ಮೆಯಾದರೂ ತಾನಾಗಿ ಹೊತ್ತಿದರೆ ಬೋರ್ಡನ್ನು ಮೋಟಾರಿಗೆ ಜೋಡಿಸಬೇಡಿರಿ.