‘ಸಂಸ್ಕಾರ’ ಬರೆದದ್ದು ಮೇಳಿಗೆಯಲ್ಲಲ್ಲ, ಬರ್ಮಿಂಗ್‌ಹ್ಯಾಮ್‌ನಲ್ಲಿ! ಅನಂತಮೂರ್ತಿಗೆ ಇಂಗ್ಲೆಂಡ್‌ನಲ್ಲಿ ಅಗ್ರಹಾರ ನೆನಪಾಗಿದ್ದು ಹೇಗೆ?

ತೀರ್ಥಹಳ್ಳಿ: ಅಗ್ರಹಾರದ ಮನೆಗಳು, ಪಕ್ಕದಲ್ಲಿ ತುಂಗೆ, ಬೀದಿಯಲ್ಲಿ ಸತ್ತು ಬೀಳುವ ಇಲಿಗಳು, ಸುಡುವವರಿಲ್ಲದೆ ಮನೆಯೊಳಗೇ ಕೊಳೆಯುವ ನಾರಣಪ್ಪನ ಹೆಣ. ‘ಸಂಸ್ಕಾರ’ ಓದಿದ ಯಾರಿಗಾದರೂ ಇದನ್ನು ಮಲೆನಾಡಿನಲ್ಲೇ ಕೂತು ಬರೆದಿದ್ದಾರೆ ಅನ್ನಿಸುತ್ತೆ. ಆದರೆ ತಾಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಇದನ್ನು ಬರೆದದ್ದು ಇಂಗ್ಲೆಂಡ್‌ನ ಬರ್ಮಿಂಗ್‌ಹ್ಯಾಮ್‌ನಲ್ಲಿ.

ಮೈಸೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಅವರು 1963ರಲ್ಲಿ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಪಡೆದು ಅಲ್ಲಿಗೆ ಹೋದರು. ಹೋದದ್ದು ಕಾದಂಬರಿ ಬರೆಯೋಕಲ್ಲ, ಪಿಎಚ್‌ಡಿ ಮಾಡೋಕೆ. ಓದಬೇಕಿದ್ದ ವಿಷಯ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ. ಅಗ್ರಹಾರಕ್ಕೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ!

ತಿರುವು ಸಿಕ್ಕಿದ್ದು ಸಿನಿಮಾ ಟಾಕೀಸಿನಲ್ಲಿ. ಗುರುಗಳಾಗಿದ್ದ ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿ ಜತೆ ಅವರು ಸ್ವೀಡನ್‌ನ ಇಂಗ್ಮರ್ ಬರ್ಗ್‌ಮನ್ ನಿರ್ದೇಶನದ ‘ದಿ ಸೆವೆಂತ್ ಸೀಲ್’ ನೋಡಿದರು. ಸಬ್‌ಟೈಟಲ್ ಇರಲಿಲ್ಲ, ಮಾತು ಅರ್ಥವಾಗಲಿಲ್ಲ. ಆದರೆ ಕಥೆ ನಡೆಯೋದು ಪ್ಲೇಗು ಹಬ್ಬಿದ ಊರುಗಳಲ್ಲಿ, ಸಾವಿನ ಎದುರು ದೇವರನ್ನು ಹುಡುಕುವ ಮನುಷ್ಯನ ಸುತ್ತ. ಯುರೋಪಿನವರು ಆ ಕಾಲವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ನನಗಾದರೋ ಅದು ಕಣ್ಣಾರೆ ಕಂಡ ಬದುಕು ಎಂಬರ್ಥದ ಮಾತನ್ನು ಅನಂತಮೂರ್ತಿ ಬ್ರಾಡ್‌ಬರಿಗೆ ಹೇಳಿದರು. ಹಾಗಾದರೆ ಅದನ್ನೇ ಬರಿ ಅಂದರು ಗುರು.

ಮಾತು ಸುಳ್ಳಲ್ಲ. ಅವರು ಹುಡುಗನಾಗಿದ್ದಾಗ ಊರ ಕಡೆ ಪ್ಲೇಗು ಬಂದಿತ್ತು. ಅಗ್ರಹಾರದವರಿಗೆ ಇಂಜೆಕ್ಷನ್ ಸಿಕ್ಕಿತು, ದಲಿತರ ಗುಡಿಸಲುಗಳಿಗೆ ಸಿಗಲಿಲ್ಲ. ಮುಟ್ಟಬಾರದವರಿಗೆ ಸೂಜಿ ಚುಚ್ಚೋದು ಯಾರು? ಅಲ್ಲಿ ಜನ ಸತ್ತರು. ಆ ನೆನಪು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಳಗೇ ಕೂತಿತ್ತು.

ಇನ್ನೊಂದು ಕಾರಣ ಭಾಷೆ. ದಿನವಿಡೀ ಇಂಗ್ಲಿಷ್ ಆಡಿ ಆಡಿ ಸಾಕಾಗಿ, ಕನ್ನಡದ ಹಸಿವು ಹತ್ತಿತ್ತು. ಗಲ್ಫ್‌ಗೋ ಬೆಂಗಳೂರಿಗೋ ಹೋದ ನಮ್ಮ ಹುಡುಗರು ರಾತ್ರಿ ಊರಿಗೆ ಫೋನ್ ಹಚ್ಚಿ ಸುಮ್ಮನೆ ಹರಟ್ತಾರಲ್ಲ, ಅದೇ ಹಸಿವು. ಆಗ ಹಾಗೆ ಹರಟುವ ಫೋನ್ ಎಲ್ಲಿತ್ತು? ಅವರು ಬರೆದರು. 1965ರಲ್ಲಿ ಪುಸ್ತಕ ಬಂತು, ಮರುವರ್ಷ ಪಿಎಚ್‌ಡಿಯೂ ಆಯಿತು.

ಪುಸ್ತಕಕ್ಕೆ ಬೈಗುಳವೂ ಬಂತು. ಬ್ರಾಹ್ಮಣರನ್ನು, ಅದರಲ್ಲೂ ಮಾಧ್ವರನ್ನು ಹೀಗಳೆದಿದ್ದಾರೆ ಎಂಬ ಸಿಟ್ಟು ಇಂದಿಗೂ ಕೆಲವರಲ್ಲಿದೆ. ವಿದೇಶದಲ್ಲಿ ಕೂತು ಊರಿನ ಮಾನ ಕಳೆದರು ಅನ್ನೋ ಮಾತು ಸುಲಭ. ಆದರೆ ಊರಲ್ಲೇ ಇದ್ದಿದ್ದರೆ ಪಕ್ಕದ ಮನೆಯವರ ಮುಖ ನೋಡಿಕೊಂಡು ಅರ್ಧ ಬರೆದು ಅರ್ಧ ನುಂಗಬೇಕಿತ್ತು. ಅಲ್ಲದೆ ಹೊರಗಿನವನಾಗಿ ನಗೋಕೆ ಬರೆದ ಪುಸ್ತಕವಾಗಿದ್ದರೆ ಪ್ರಾಣೇಶಾಚಾರ್ಯರ ಸಂಕಟ ಅಷ್ಟು ಆಳವಾಗಿ ಬರುತ್ತಿರಲಿಲ್ಲ. ಶಾಸ್ತ್ರ ಗೊತ್ತಿದ್ದವನಿಗಷ್ಟೇ ಅದು ಸಾಧ್ಯ.

ಈಗ ಲೇಖಕರಿಗೆ ರೂಮು, ಊಟ, ಸಮಯ ಕೊಟ್ಟು ಕರೆಸಿಕೊಳ್ಳುವ ವ್ಯವಸ್ಥೆಗೆ ರೆಸಿಡೆನ್ಸಿ ಅಂತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1967ರಿಂದ ಇಂಥದ್ದು ನಡೆಯುತ್ತಿದೆ. ಅನಂತಮೂರ್ತಿ ಹೋದದ್ದು ವಿದ್ಯಾರ್ಥಿಯಾಗಿ, ಆದರೆ ಸಿಕ್ಕಿದ್ದು ಅದೇ: ದೂರ ಮತ್ತು ಬಿಡುವು.

ಇಂಗ್ಲಿಷ್ ಅನುವಾದವೂ ದೂರದಲ್ಲೇ ಆಯಿತು. ಮೈಸೂರಿನ ಎ.ಕೆ. ರಾಮಾನುಜನ್ ಶಿಕಾಗೋದಲ್ಲಿದ್ದು ಮಾಡಿದ ಅನುವಾದ 1976ರಲ್ಲಿ ಬಂತು. ಸಿನಿಮಾ ಮಾತ್ರ ಮಲೆನಾಡಿನಲ್ಲೇ, ಶೃಂಗೇರಿ ಹತ್ತಿರ ಚಿತ್ರೀಕರಣವಾಯಿತು. ಮೊದಲು ಸೆನ್ಸಾರ್ ತಡೆ, ಆಮೇಲೆ 1970ರ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ!